ಗುರುತಿನ ಮೀನು

...ಅಯ್ಯೋ, ಅಷ್ಟು ಬಗ್ಗಬೇಡ ತಾಯಿ! ದೋಣಿ ಮಗುಚಿದ್ರೆ ನಿನ್ನ ಮೀನುಗಾರಿಕೆ ಇಲಾಖೆಗೆ ನಾನು ಉತ್ತರ ಕೊಡ್ಬೇಕಾಗುತ್ತೆ. ಕೂತ್ಕೋ. ಬಲೆ ಎಳೆಯೋದು ನನ್ನ ಕೆಲಸ, ಅಳೆಯೋದು ನಿನ್ನ ಕೆಲಸ. ಹಾಂ... ಬಂತು ನೋಡು. ಗೆಂಡೆ! ಬಾಲ ನೋಡು, ಬಾಲ! ಮೇಲಿನ ತುದಿ ಕತ್ತರಿಸಿದೆ. ನಿನ್ನದೇ ಗುರುತು. ಹೋದ ಸಲ ಇದೇ ಹಲಗೆ ಮೇಲೆ ಕೂತು ಆ ಪುಟ್ಟ ಕತ್ತರೀಲಿ ಕಚಕ್ ಅನ್ನಿಸಿ ಬಿಟ್ಟಿದ್ದೆಯಲ್ಲ, ಅದೇ. ಹೇಗಿದೆ? ಗಟ್ಟಿಮುಟ್ಟಾಗಿ ಆರೋಗ್ಯವಾಗಿದೆ!

ಯಾಕೆ ನಗ್ತೀಯ? ಮೀನಿಗೆ ಆರೋಗ್ಯ ಇರಬಾರದಾ?

ಅಳೆ, ಅಳೆ. ಬಕೆಟ್‌ಗೆ ಹಾಕು. ಇಗೋ ಇನ್ನೊಂದು. ಇದೂ ನಿನ್ನದೇ! ನಾನು ಹೇಳ್ಲಿಲ್ವಾ? ಇವತ್ತು ನಿನ್ನ ಕೈ ಚೆನ್ನಾಗಿದೆ. ಮೈದುನ ಬೆಳಿಗ್ಗೆ ದಡದಲ್ಲಿ ನಿಂತು ಕುಹಕ ಆಡ್ದ. "ಅತ್ತಿಗೆ, ಆ ಹುಡುಗೀಗೆ ಕಪ್ಪೆ ಲೆಕ್ಕ ಹಾಕೋಕೆ ಹೇಳಿ, ಬೇಗ ಮುಗಿಯುತ್ತೆ" ಅಂತ. ದೋಣಿ ಮಾರಿ ಪೆಟ್ರೋಲ್ ಬಂಕಿನಲ್ಲಿ ಪೈಪ್ ಹಿಡ್ಕೊಂಡು ನಿಂತಿರೋನು ಅವನು. ಅವನ ಮಾತು ಯಾರಿಗೆ ಬೇಕು? ಕೆರೇಲಿ ಮೀನಿಲ್ಲ, ಮೀನಿಲ್ಲ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಾನೆ. ಈಗ ಬಂದು ನೋಡ್ಲಿ!

ನಿಮ್ಮ ನೋಟೀಸು ಬಂದ ದಿನ ನಾನೇ ಓದಿದೆ, ಗೊತ್ತಾ? ಯಾರ ಕೈಲೂ ಓದಿಸ್ಲಿಲ್ಲ. ಮಾರ್ಕೆಟ್ಟಲ್ಲಿ ಮೀನು ಸುತ್ತೋಕೆ ಕೊಡ್ತಿದ್ದ ಹಳೇ ಪೇಪರ್ ಓದಿ ಓದಿ ಕಲಿತವಳು ನಾನು. ಒಂದೊಂದೇ ಅಕ್ಷರ ಹಿಡ್ಕೊಂಡು ಓದ್ತೀನಿ, ಆದ್ರೆ ಬಿಡಲ್ಲ. ಮೀನಿನ ಲೆಕ್ಕ ಕಡಿಮೆ ಬಂದ್ರೆ ಕೆರೇಲಿ ಬಲೆ ಹಾಕೋದು ಬಂದ್. ವರ್ಷಗಟ್ಟಲೆ. ಅದನ್ನ ಎರಡು ಸಲ ಓದಿದೆ. ಅದರ ಕೆಳಗೆ, ಗುರುತು ಹಾಕಿದ ಮೀನು ಸಿಕ್ಕರೆ ಕೊಲ್ಲಬೇಡಿ, ನೀರಿಗೆ ಬಿಡಿ ಅಂತಿತ್ತು. ಅಷ್ಟು ಸಾಕಾಯ್ತು ನನಗೆ. ಗುರುತಿನ ಮೀನು ಅಂದ್ರೆ ಸರ್ಕಾರಿ ಮೀನು. ಅದು ಸಿಕ್ಕಷ್ಟೂ ಒಳ್ಳೇದು. ಅಲ್ವಾ?

...ಅಲ್ವಾ?

ಸರಿ, ಬರ್ಕೋ. ಬರೆಯೋವಾಗ ಮಾತಾಡಿಸಬಾರದು. ನನ್ನ ಬಾಯೋ, ಬೀಗ ಇಲ್ಲದ ಬಾಗಿಲು.

ಈ ದೋಣಿ ಹೇಗೆ ಬಂತು ಹೇಳ್ಲಾ? ಅವರು ಹೋದ ಮೇಲೆ... ನನ್ನ ಗಂಡ... ನಾನು ದಡದಲ್ಲಿ ಕೂತು ಬೇರೆಯವರ ಮೀನಿನ ಪೊರೆ ಹೆರೆದು ತೆಗೀತಿದ್ದೆ. ಅದು ಮುಖಕ್ಕೆಲ್ಲ ಹಾರಿ ಅಂಟ್ಕೊಳ್ಳೋದು. ಹೆಂಗಸು ಬಲೆ ಬಿಡ್ತಾಳಾ ಅಂತ ಎಲ್ಲರೂ ನಕ್ಕರು. ಹಳೇ ದೋಣಿ ತಗೊಂಡೆ, ಕೊಳೆತ ತಳ ನಾನೇ ಕಿತ್ತು ಹೊಸದು ಬಡಿದೆ, ಟಾರು ನಾನೇ ಬಳಿದೆ. ನಕ್ಕವರ ದೋಣಿ ಎಲ್ಲ ಈಗ ದಡದಲ್ಲಿ ಬೋರಲು ಬಿದ್ದಿವೆ. ಕೋಳಿ ಮೊಟ್ಟೆ ಇಡ್ತವೆ ಅದರ ಕೆಳಗೆ. ನೀರಲ್ಲಿರೋದು ನನ್ನದೊಂದೇ. ಇದನ್ನೂ ಬೋರಲು ಹಾಕು ಅಂದ್ರೆ... ಕೈ ಕತ್ತರಿಸ್ಕೋ ಅಂದ ಹಾಗೆ ನನಗೆ.

ಬಂತು, ಬಂತು. ಮೂರು ಒಟ್ಟಿಗೆ! ಇದೂ ನಿನ್ನದೇ. ಇದೂ. ಇದೂ...

ಏನು? ಮೂತೀನಾ? ಹೌದು, ಸ್ವಲ್ಪ ಕೆಂಪಾಗಿದೆ. ಕಲ್ಲಿಗೆ ಉಜ್ಜಿರುತ್ತೆ. ಮೀನು ಅಂದ್ಮೇಲೆ ಮೂತಿ ಎಲ್ಲಾದ್ರೂ ತೂರಿಸ್ದೆ ಇರುತ್ತಾ?

ಇದರದ್ದೂ ತರಚಿದೆಯಾ... ಇದರದ್ದೂನಾ... ಬಿಡೇ, ಬಾಲ ನೋಡು ನೀನು. ಮೂತಿ ಯಾಕೆ ನೋಡ್ತೀಯ? ಗುರುತು ಹಾಕಿದ್ದು ಬಾಲಕ್ಕೆ ತಾನೇ!

ಯಾಕೆ ಪೆನ್ನು ಕೆಳಗಿಟ್ಟೆ?

ಆ ಜೊಂಡಿನ ಕಡೆ ಏನೂ ಇಲ್ಲ. ಆ ಕಂಬಗಳಾ... ಹಳೇವು. ಮೈದುನ ನೆಟ್ಟಿದ್ದು, ಬಟ್ಟೆ ಒಣಗಿಸೋಕೆ. ನೀರೊಳಗೆ ಯಾರು ಬಟ್ಟೆ ಒಣಗಿಸ್ತಾರೆ ಅಂತೀಯಾ? ನೀನು ಹಾಗೆ ಹೇಳ್ಲಿಲ್ಲ. ಆದ್ರೆ ನಿನ್ನ ಮುಖ ಹೇಳ್ತಿದೆ. ಬಿಸಿಲು ಏರ್ತಿದೆ, ಆ ತುದೀಗೆ ಹೋಗೋಣ ನಡಿ. ಅಲ್ಲಿ ಇನ್ನೂ ಚೆನ್ನಾಗಿ ಸಿಗ್ತವೆ. ತಾಳು, ಹುಟ್ಟು ಸಿಕ್ಕಾಕ್ಕೊಂಡಿದೆ...

ಛೇ!

ಏನಿಲ್ಲ. ಹುಟ್ಟು ದೋಣಿಗೆ ತಾಗಿತು, ಅಷ್ಟೇ. ಠಕ್ ಅಂತು... ಆ ಮೀನುಗಳಾ... ಅವು ಸುಮ್ನೆ ದೋಣಿ ಹತ್ರ ಬಂದಿವೆ. ಬಲೆಯಿಂದ ತಪ್ಪಿಸ್ಕೊಂಡವು ಇರ್ಬೇಕು. ಬಾಯಿ ತೆರೀತಿರೋದಾ? ಮೀನು ಬಾಯಿ ತೆರೀದೆ ಇನ್ನೇನು...

ಹಾಗೆ ನೋಡ್ಬೇಡ ನನ್ನ. ಬೈದುಬಿಡು ಬೇಕಾದ್ರೆ.

...ಸರಿ. ಹಿಟ್ಟಿನುಂಡೆ. ದಿನಾ ಹಾಕ್ತಿದ್ದೆ. ದೋಣಿ ಅಂಚಿಗೆ ಹುಟ್ಟು ಕುಟ್ಟಿ ಕರೀತಿದ್ದೆ. ನೀನು ಹೋದ ಮೇಲೆ ಒಂದೊಂದೇ ಹಿಡಿದು ಆ ಜೊಂಡಿನ ಹತ್ರ ಕೂಡಿಹಾಕ್ದೆ. ಸುತ್ತ ಬಲೆ ಕಟ್ಟಿ. ಅದಕ್ಕೇ ಉಜ್ಜಿ ಉಜ್ಜಿ ಮೂತಿ ತರಚ್ಕೊಂಡಿವೆ. ಹದ್ದು ಹೊಡೆದ್ರೆ? ಯಾರಾದ್ರೂ ಕದ್ದು ಹಿಡಿದ್ರೆ? ನೀನು ವಾಪಸ್ ಬಂದಾಗ ನಿನ್ನ ಗುರುತು ಸಿಗದೇ ಹೋದ್ರೆ? ಕಣ್ಣಲ್ಲಿ ಕಣ್ಣಿಟ್ಟು ಕಾಯ್ದೆ. ಇವತ್ತು ಬೆಳಕು ಹರಿಯೋ ಮುಂಚೆ ಬಂದು ಬಿಚ್ಚಿ ಬಿಟ್ಟೆ. ಒಂದನ್ನೂ ಮಾರ್ಲಿಲ್ಲ ಕಣೇ, ಒಂದನ್ನೂ ತಿನ್ಲಿಲ್ಲ. ಕೇಳು ಬೇಕಾದ್ರೆ... ಯಾರನ್ನ ಕೇಳ್ತೀಯ, ಈ ಮೀನುಗಳನ್ನೇ ಕೇಳು.

ತಪ್ಪೇನು ಇದರಲ್ಲಿ? ನಿನ್ನ ಮೀನು ನಿನಗೇ ಜೋಪಾನ ಮಾಡಿ ಕೊಟ್ಟೆ. ಲೆಕ್ಕ ಚೆನ್ನಾಗಿ ಬಂತಲ್ಲ?

...ಬರ್ಲಿಲ್ವಾ?

ಇಲ್ಲ ಅಂತ ತಲೆ ಆಡಿಸ್ತೀಯ. ಅಂದ್ರೆ... ತಾಳು, ನಾನೇ ಹೇಳ್ತೀನಿ. ನಾನೇನು ದಡ್ಡಿಯಲ್ಲ. ನಿನಗೆ ಬೇಕಾಗಿದ್ದು ಗುರುತಿಲ್ಲದ್ದು. ಗುರುತಿನದ್ದರ ಜೊತೆ ಗುರುತಿಲ್ಲದ್ದು ಎಷ್ಟು ಬರುತ್ತೆ ಅಂತ ನೋಡೋಕೆ ಬಂದೆ ನೀನು. ಬರೀ ಗುರುತಿನವೇ ಬಂದ್ರೆ... ಕೆರೇಲಿ ಬೇರೆ ಇಲ್ಲ ಅಂತ.

ಅಯ್ಯೋ ದೇವ್ರೇ. ನನ್ನ ಕೈಯಾರೆ ಮಾಡ್ಕೊಂಡೆ.

ಹಾಗಾದ್ರೆ ಇನ್ನೊಂದು ಸಲ ಬಾ. ಇವನ್ನೆಲ್ಲ ದೂರ ಬಿಡ್ತೀನಿ, ನೀನು ಹೊಸದಾಗಿ ಬಲೆ ಹಾಕ್ಸು. ಇವು ನಾನು ಸಾಕಿದವು, ಇವು ಲೆಕ್ಕಕ್ಕಿಲ್ಲ ಅಂತ ಬರಿ. ಬೇರೆ ಇರ್ತವೆ. ಆಳದಲ್ಲಿ ಇರ್ತವೆ. ಇಷ್ಟು ದೊಡ್ಡ ಕೆರೆ... ಇರ್ಲೇಬೇಕಲ್ಲ. ಏನಾದ್ರೂ ಅನ್ನು. ಇರಬಹುದು ಅಂತಾದ್ರೂ ಅನ್ನು.

...

ಆ ಜೊಂಡಿನ ಕಡೇನೇ ನೋಡ್ತಿದ್ದೀಯ. ನಾನು ಇವನ್ನ ಎಲ್ಲಿಂದ ಹಿಡಿದೆ ಅಂತ ಯೋಚನೆ ಮಾಡ್ತಿದ್ದೀಯ. ನಿನ್ನ ಮೀನನ್ನ ಹುಡುಕೋವಾಗ ಬಲೇಲಿ ಬೇರೆ ಏನು ಬಂತು ಅಂತ.

ಏನೂ ಬರ್ಲಿಲ್ಲ ಮಗಳೇ.

ಆಳ, ತೂಬು, ಕಲ್ಲಿನ ಮಗ್ಗುಲು, ಎಲ್ಲ ಕಡೆ ಎಳೆದೆ. ಸಣ್ಣ ಮರಿ ಒಂದಾದ್ರೂ ಸಿಗ್ಲಿ ಅಂತ ಕಣ್ಣು ಕಿರಿದು ಮಾಡ್ಕೊಂಡು ಬಲೆ ಜಾಲಾಡ್ದೆ. ನಿನ್ನ ಕತ್ತರಿ ಮುಟ್ಟದ ಬಾಲ ಒಂದೂ ಇರ್ಲಿಲ್ಲ. ಅವತ್ತೇ ಗೊತ್ತಾಗಿತ್ತು ನನಗೆ. ಮೈದುನನಿಗೆ ಹೇಳ್ಲಿಲ್ಲ, ಯಾರಿಗೂ ಹೇಳ್ಲಿಲ್ಲ. ನನಗೆ ನಾನೇ ಹೇಳ್ಕೊಂಡಿರ್ಲಿಲ್ಲ. ಅದಕ್ಕೇ ಬೇಲಿ ಕಟ್ಟಿದ್ದು. ನಿನ್ನ ಲೆಕ್ಕಕ್ಕಲ್ಲ... ಇರೋದೇ ಇಷ್ಟು, ಇವೂ ಹೋದ್ರೆ ಅಂತ.

ಕಣ್ಣು ಒರೆಸ್ಕೋ. ನೀನು ಅತ್ರೆ ನಾನೇನು ಮಾಡ್ಲಿ? ಪೆನ್ನು ತಗೋ. ಇದ್ದದ್ದು ಇದ್ದ ಹಾಗೆ ಬರಿ. ನನ್ನ ಮುಖ ನೋಡಿ ಒಂದು ಜಾಸ್ತಿ ಬರೆದೆಯೋ, ನನ್ನ ದೋಣಿ ಹತ್ತಿಸಲ್ಲ ನಿನ್ನ... ಹೂಂ. ಹತ್ತಿಸೋಕೆ ದೋಣಿ ಎಲ್ಲಿರುತ್ತೆ.

ಬಕೆಟ್ ಕೊಡು ಇಲ್ಲಿ, ನಾನೇ ಬಿಡ್ತೀನಿ. ಮೆಲ್ಲಗೆ... ಹೋಗಿ. ದೂರ ಹೋಗಿ, ಆಳಕ್ಕೆ. ಹೋಗಿ ಅಂದೆ! ಇನ್ನು ಯಾರೂ ಹಿಡಿಯಲ್ಲ ನಿಮ್ಮನ್ನ.

...ನೋಡು, ದೋಣಿ ನೆರಳು ಬಿಟ್ಟು ಕದಲ್ತಾನೇ ಇಲ್ಲ. ತಗೋ, ನೀನು ಹಾಕು ಹುಟ್ಟು. ಸದ್ದಾಗದ ಹಾಗೆ ಹಾಕು. ನಾನು ಹಾಕಿದ್ರೆ ಹಿಂದೇನೇ ಬಂದುಬಿಡ್ತವೆ.