ಬ್ಯಾಟರಿಗೆ ಹಚ್ಚಿದ ವಿಭೂತಿ

ಅಫಜಲಪುರದ ಹಿರಿಯರೆ, ಭೀಮಾ ಹೊಳೆಯ ಲಾಂಚಿನಲ್ಲಿ ನನ್ನೊಡನೆ ದುಡಿದ ಗೆಳೆಯರೆ, ಮತ್ತು — ಹೊರಗೆ ಕಟ್ಟೆಯ ಕೆಳಗೆ ಕುಳಿತಿರುವ ಅಂಬಾರಾಯರ ಧರ್ಮಪತ್ನಿ ಮಾಣಿಕಮ್ಮನವರೆ, ಮಗಳು ಮಾಳಮ್ಮ — ಎಲ್ಲರಿಗೂ ಲಾಂಚಿನ ಮೇಸ್ತ್ರಿ ಶಾಂತಲಿಂಗಪ್ಪನ ಶರಣು.

ಅವರು ಹೊರಗೆ ಯಾಕೆ ಎಂದು ಕೇಳಿದೆ. "ಚಾವಡಿ ಒಳಗ ಆ ಕೇರಿಯವರು ಬರೂದು ಪದ್ಧತಿ ಇಲ್ರಿ" ಅಂದರು. ಗಂಡನ ಶ್ರದ್ಧಾಂಜಲಿ ಒಳಗೆ, ಹೆಂಡತಿ ಹೊರಗೆ! ಇರಲಿ — ಈ ಮಾತನ್ನು ನಾನು ಬಿಡುವವನಲ್ಲ.

ಅಂಬಾರಾಯರು ಖಜೂರಿಯವರು. ಸೊಲ್ಲಾಪುರದ ಗಿರಣಿಯಲ್ಲಿ ಮಶೀನಿನ ಕೆಲಸ ಕಲಿತು ನಮ್ಮ ಲಾಂಚಿಗೆ ಬಂದರು. ಹೋದ ವಾರ ವಿಷಮಜ್ವರ ಅವರನ್ನು ಒಯ್ದಿತು. ಏಳು ವರ್ಷ ನಾನು ಅವರನ್ನು "ಲೇ ಅಂಬ್ಯಾ" ಎಂದೇ ಕರೆದೆ. ಇವತ್ತು ಅಂಬಾರಾಯರು ಅನ್ನುತ್ತಿದ್ದೇನೆ — ಸತ್ತ ಮೇಲೆ. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ!

ನಲವತ್ತೆರಡನೆಯ ಇಸವಿಯ ಮಹಾನವಮಿ ನೆನಪಿದೆಯೆ? ಹೊಳೆ ತುಂಬಿತ್ತು. ನಡುಗಡ್ಡೆಯ ಮೇಲೆ ಹನ್ನೊಂದು ಜನ. ಅವರಲ್ಲಿ ನನ್ನ ಅಕ್ಕ ಶರಣಬಸಮ್ಮ, ಕಂಕುಳಲ್ಲಿ ಕೂಸು. ಹೊತ್ತು ಮುಳುಗುತ್ತಿದೆ, ನೀರು ಏರುತ್ತಿದೆ. ಲಾಂಚಿನ ದೀಪ ಇಂಜಿನ್ ಜೋರಾಗಿ ಓಡಿದರೆ ಉರಿಯುತ್ತದೆ. ಗಡ್ಡೆ ಹತ್ತಿರ ಬಂತೆಂದು ನಿಧಾನ ಮಾಡಿದರೆ — ಫಕ್ಕನೆ ಆರುತ್ತದೆ. ಬಂಡೆ ಕಾಣಬೇಕಾದ ಜಾಗದಲ್ಲೇ ಕತ್ತಲು! ಎರಡು ಸಲ ಹೋಗಿ ಎರಡು ಸಲವೂ ಬರಿಗೈಲಿ ಬಂದೆವು. ಜನರೇಟರ್ ಕರೆಂಟು ಕೊಡುತ್ತಿದೆ, ಇಂಜಿನ್ ನಿಧಾನವಾದಾಗ ದೀಪ ಉರಿಸಬೇಕಾದ ಬ್ಯಾಟರಿ ಮಾತ್ರ ತುಂಬುತ್ತಿಲ್ಲ.

ನಾನು ಬೆಲ್ಟು ಬಿಗಿದೆ, ಜನರೇಟರಿನ ವಂಶವನ್ನೆಲ್ಲ ಬೈದೆ. ಅಂಬಾರಾಯರು ಸಣ್ಣ ಬಲ್ಬಿಗೆ ಎರಡು ತಂತಿ ಕಟ್ಟಿಕೊಂಡು ಬಂದರು. ಜನರೇಟರಿಗೆ ಹಿಡಿದರು — ಉರಿಯಿತು. ಬ್ಯಾಟರಿಗೆ ಬರುವ ತಂತಿಯ ತುದಿಯ ಕೊಂಡಿಗೆ ಹಿಡಿದರು — ಉರಿಯಿತು. ಕೊಂಡಿ ಕುಳಿತ ಸೀಸದ ಗೂಟಕ್ಕೆ ಕೈ ಚಾಚಿದರು — ನಾನು ಅಡ್ಡ ನಿಂತೆ.

ಯಾಕೆಂದರೆ ಹಬ್ಬದ ಪೂಜೆಗೆ ಆ ಕೊಂಡಿ ಬಿಚ್ಚಿ, ಗೂಟಕ್ಕೆ ಎಣ್ಣೆ ಸವರಿ, ದಪ್ಪಗೆ ವಿಭೂತಿ ಬಳಿದು, ಮತ್ತೆ ಕೊಂಡಿ ಕೂರಿಸಿದವನು ನಾನೇ. "ಪೂಜಾ ಮಾಡಿದ್ದೈತಿ, ಮುಟ್ಟಬ್ಯಾಡಲೇ!" ಎಂದೆ. ಸ್ವಂತ ಅಕ್ಕ ನೀರಿನ ನಡುವೆ ಕೈ ಬೀಸುತ್ತಿದ್ದಾಳೆ — ಆಗಲೂ ನನ್ನ ಬಾಯಿಂದ ಬಂದದ್ದು ಅದೇ ಮಾತು.

ಅವರು ನನ್ನ ಮುಖ ನೋಡಿದರು. "ಮೇಸ್ತ್ರಿ, ವಿಭೂತಿ ಹಣಿಗಿ ಹಚ್ಚೂದ್ರಿ. ಇಲ್ಲಿ ಹಚ್ಚಿದ್ರ ಕರೆಂಟಿಗೆ ಅಡ್ಡ ಗ್ವಾಡಿ ಕಟ್ಟಿದಂಗ. ಸರೀರಿ ಆಕಡಿ."

ನಾನು ಸರಿಯಲಿಲ್ಲ. ಅವರೇ — ಹೀಗೆ, ಈ ಮೊಣಕೈಯಿಂದ — ನನ್ನನ್ನು ದೂಡಿದರು. ಅಲ್ಲಿಯವರೆಗೆ ಅವರು ನನ್ನನ್ನು ಮುಟ್ಟಿದ್ದೇ ಇಲ್ಲ. ಕೊಂಡಿ ಬಿಚ್ಚಿದರು, ಒರೆಸಿದರು, ಗೂಟ ಹೊಳೆಯುವಂತೆ ಚಾಕುವಿನಿಂದ ಕೆರೆದು ಬಿಗಿದರು. ಒಂದಷ್ಟು ಹೊತ್ತು ಇಂಜಿನ್ ಜೋರಾಗಿ ಓಡಿಸಿ, ಬ್ಯಾಟರಿ ತುಂಬಿಸಿ, ನಿಧಾನ ಮಾಡಿದೆವು. ದೀಪ ಆರಲಿಲ್ಲ! ಹನ್ನೊಂದು ಜನವೂ ದಡ ಸೇರಿದರು. ಆ ಕೂಸು — ಅಗೋ, ಮುಂದಿನ ಸಾಲಿನಲ್ಲಿ ಅವ್ವನ ಪಕ್ಕ ಕುಳಿತಿದೆ, ಚಾವಡಿಯ ಒಳಗೆ.

ಮರುದಿನ ನಾನು ಏನು ಮಾಡಿದೆ ಗೊತ್ತೆ? ಪೂಜೆಯ ಬ್ಯಾಟರಿಗೆ ಅವರ ಕೈ ತಾಗಿತೆಂದು ಲಾಂಚಿಗೆ ನೀರು ಚಿಮುಕಿಸಿ ಶುದ್ಧಿ ಮಾಡಿಸಿದೆ. ಹೌದು, ಮಾಡಿಸಿದೆ! ಅವರು ದಡದಲ್ಲಿ ನಿಂತು ನೋಡುತ್ತಿದ್ದರು. ತಪ್ಪಾಯಿತು ಅನ್ನೋಣವೆಂದರೆ ಇನ್ನು ಆ ಮನುಷ್ಯ ಇಲ್ಲ.

ಬಾಯಲ್ಲಿ ಶರಣರು, ಬಾಗಿಲಲ್ಲಿ ಗೆರೆ — ಸಾಕು ಮಾಡೋಣ. ಸಿಟ್ಟು ಬರುವವರಿಗೆ ಬರಲಿ. ನಾಳೆ ನನ್ನನ್ನು ಜಾತಿಯಿಂದ ಹೊರಗೆ ಹಾಕುವವರು ಹಾಕಲಿ. "ಮಾಣಿಕಮ್ಮ, ತಂಗಿ, ಏಳ್ರಿ. ಮಗಳನ್ನ ಕರಕೊಂಡು ಒಳಗ ಬರ್ರಿ. ಯಾರು ಅಡ್ಡ ಬರ್ತಾರ ನಾ ನೋಡ್ತೇನಿ."

ಸಭಿಕರೆ, ಅಗಲಿದ ಜೀವಕ್ಕಾಗಿ ಎದ್ದು ನಿಂತು ಮೌನ ತಾಳಬೇಕೆಂದು ಬೇಡುತ್ತೇನೆ. ಆದರೆ ಯಾರೂ ಗಡಿಯಾರ ನೋಡಬೇಡಿ. ಆ ತಾಯಿ ಹೊಸ್ತಿಲು ದಾಟಿ ಬಂದು, ಇಲ್ಲಿ, ನನ್ನ ಈ ಕುರ್ಚಿಯ ಮೇಲೆ ಕೂರುವ ತನಕ ನಿಂತಿರೋಣ. ಏಳಿ.