ಫ್ಲೆಕ್ಸ್ ಇಳಿಯುವ ತನಕ

ಶೇಡಬಾಳ ಬಸ್ ಸ್ಟ್ಯಾಂಡಿನಲ್ಲಿ ಮಿರಜ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಟ್ಟೆಯ ಮೇಲೆ ಒಬ್ಬ ಅಪ್ಪ, ಅವರ ಮಗ. ಎದುರಿಗೇ ಬಿಸಿಲಿಗೆ ಬಣ್ಣ ಮಾಸಿದ ಒಂದು ಫ್ಲೆಕ್ಸ್: 'ಬಾಸ್ಕೆಟ್‌ಬಾಲ್ ಲೀಗಿಗೆ ಆಯ್ಕೆಯಾದ ನಮ್ಮೂರ ಹುಲಿ ರಣಜೀತನಿಗೆ ಹಾರ್ದಿಕ ಶುಭಾಶಯಗಳು.' ಚಿತ್ರದಲ್ಲಿ ಅದೇ ಮಗ ಬುಟ್ಟಿ ಹಿಡಿದು ನೇತಾಡುತ್ತಿದ್ದ.

"ಅಪ್ಪಾ, ಮಾರಿ ಅಷ್ಟ ನಂದು. ಮೈ ಯಾರದೋ."

"ನಿಮ್ಮ ಕಾಕಾ ಹಂಗ ಮಾಡಿಸ್ಯಾನ. ಬಿಡು."

"ನಾ ಪಾಯಿಂಟ್ ಗಾರ್ಡ್. ಬಾಲ್ ಒಯ್ದು ಕೊಡಾಂವ. ಬುಟ್ಟಿಗಿ ಹಾಕಾವ್ರು ಬ್ಯಾರೇದವ್ರು."

"ಟೀಮಿನವ್ರು ಫೋನಿನ್ಯಾಗ ಏನಂದ್ರು?"

"ಆಡಿದ್ದ ಒಂದ ಸೀಜನ್ ಸಾಕಂತ, ಮುಂದ ಬ್ಯಾಡಂತ. ನನ್ನ ಎತ್ತರ ಸಾಲಂಗಿಲ್ಲಂತ."

ಅಪ್ಪ ಟೋಪಿ ತೆಗೆದು ತಲೆ ಒರೆಸಿಕೊಂಡರು.

"ಊರಾಗ ಯಾರಿಗೂ ಹೇಳಿಲ್ಲಲ್ಲಾ?"

"ಇಲ್ಲ."

"ಫ್ಲೆಕ್ಸ್ ತಗಿಯೂ ತನಕ ಮಿರಜದಾಗ ಅತ್ತಿ ಮನ್ಯಾಗ ಇರು."

"ಯಾವಾಗ ತಗೀತಾರ?"

"ಯಾರರೆ ಲೀಡರದು ಬರ್ತಡೇ ಬರ್ಬೇಕು. ಅವಾಗ ಇದರ ಮ್ಯಾಲ ಅವರದು ಹಚ್ತಾರ."

ಬಸ್ಸು ಬಂತು. ಮಗ ಚೀಲ ಹೆಗಲಿಗೇರಿಸಿ ಎದ್ದ. ಬಾಗಿಲ ಬಳಿ ಅಪ್ಪ ಅವನ ಬೆನ್ನಿಗೆ ಕೈಯಿಟ್ಟರು.

"ಬಗ್ಗಿ ಹತ್ತಲೇ, ತಲಿ ಬಡಿತೈತಿ."