ಮಾಚೇನಹಳ್ಳಿಯ ಕಬ್ಬಿಣದ ಎಮ್ಮೆ ಕಳುವಾದ ಬಗ್ಗೆ

ಹೆಸರು: ನಸರುಲ್ಲಾ ಬಿನ್ ಲೇಟ್ ಅಬ್ದುಲ್ ಖುದ್ದೂಸ್. ವಯಸ್ಸು: 51 ವರ್ಷ. ಕೆಲಸ: ಗುಜರಿ ವ್ಯಾಪಾರ. ವಾಸ: ಹಳೇನಗರ, ಭದ್ರಾವತಿ.

ದಿನಾಂಕ 11-02-2025ರಂದು ಮಧ್ಯಾಹ್ನ 3-40 ಗಂಟೆಗೆ ಠಾಣೆಗೆ ಹಾಜರಾಗಿ, ಕೇಳಿದ್ದಕ್ಕೆ ಈ ಮೂಲಕ ನಾನು ಬರೆಸುವುದೇನೆಂದರೆ:

ನಾನು ಮೇಲ್ಕಂಡ ವಿಳಾಸದಲ್ಲಿ ಹೆಂಡತಿ ಜಹಾನಾರಾಳೊಂದಿಗೆ ವಾಸವಾಗಿರುತ್ತೇನೆ. ಮನೆಯಿಂದ 300 ಮೀಟರ್ ದೂರದಲ್ಲಿ ನನ್ನ ಗುಜರಿ ಅಂಗಡಿ ಇರುತ್ತದೆ. ಮೊದಲು ನನ್ನ ತಂದೆಯವರು ನಡೆಸುತ್ತಿದ್ದು, ಅವರ ನಂತರ 24 ವರ್ಷಗಳಿಂದ ನಾನು ನಡೆಸಿಕೊಂಡು ಬಂದಿರುತ್ತೇನೆ. ಏಳನೇ ತರಗತಿವರೆಗೆ ಕನ್ನಡ ಶಾಲೆಯಲ್ಲಿ ಓದಿದ್ದು, ಓದಲು ಬರೆಯಲು ಬರುತ್ತದೆ. ನನ್ನ ಮೇಲೆ ಈ ಹಿಂದೆ ಯಾವುದೇ ಪ್ರಕರಣ ಇರುವುದಿಲ್ಲ. ಕಳುವಿನ ಮಾಲು ಕೊಂಡವನಲ್ಲ. ಗುಜರಿಯವನು ಎಂದ ಕೂಡಲೇ ಎಲ್ಲರೂ ಕೇಳುವುದು ಅದನ್ನೇ ಆದ್ದರಿಂದ ಮೊದಲೇ ಬರೆಸಿರುತ್ತೇನೆ.

2023ನೇ ಸಾಲಿನ ಜೂನ್ ತಿಂಗಳಲ್ಲಿ ಒಂದು ದಿನ ಬೆಳಿಗ್ಗೆ ಸುಮಾರು 11 ಗಂಟೆಗೆ ಪೂಜಿತಾ ಎಂಬ ಹೆಣ್ಣುಮಗಳು ಸ್ಕೂಟರಿನಲ್ಲಿ ನನ್ನ ಅಂಗಡಿಗೆ ಬಂದರು. ಅವರಿಗೆ ಆಗ ಸುಮಾರು 36 ವರ್ಷವಿದ್ದು, ಶಿವಮೊಗ್ಗದ ನವುಲೆಯಲ್ಲಿ ವಾಸವಿರುತ್ತಾರೆ. ಹಳೆ ಕಬ್ಬಿಣ ಬೇಕೆಂದರು. ಎಷ್ಟು ಕೆ.ಜಿ. ಎಂದು ಕೇಳಿದೆ. ಕೆ.ಜಿ. ಲೆಕ್ಕ ಗೊತ್ತಿಲ್ಲ, ಎಮ್ಮೆಯ ಪಕ್ಕೆಗೆ ಹೊಂದುವಂಥದ್ದು ಬೇಕು ಎಂದು ಹೇಳಿದರು. ನನಗೆ ಅರ್ಥವಾಗಲಿಲ್ಲ. ಅವರು ರಾಶಿಯ ಒಳಗಿಳಿದು ಒಂದೊಂದೇ ತುಂಡನ್ನು ಬಿಸಿಲಿಗೆ ಹಿಡಿದು ನೋಡುತ್ತ ಮೂರು ಗಂಟೆ ಕಳೆದರು. ಕೊನೆಗೆ ಆರಿಸಿದ್ದು ಐದು ತುಂಡು. ಅವರು ಹೋದ ಮೇಲೆ ನಾನು ಜಹಾನಾರಾಳಿಗೆ ಫೋನ್ ಮಾಡಿ, ಪಾಪ ಓದಿದ ಹುಡುಗಿ, ತಲೆ ಸರಿಯಿಲ್ಲ ಎಂದು ಹೇಳಿದ್ದು ನಿಜವಿರುತ್ತದೆ.

ಮಾಚೇನಹಳ್ಳಿಯಲ್ಲಿ ಬಹಳ ವರ್ಷ ಬಾಗಿಲು ಹಾಕಿದ್ದ ಬೋಲ್ಟ್ ಕಾರ್ಖಾನೆಯ ಶೆಡ್ ಒಂದಿದ್ದು, ಅದನ್ನು ಸದರಿ ಪೂಜಿತಾರವರು ಬಾಡಿಗೆಗೆ ಪಡೆದು 'ಬೆಸುಗೆ' ಎಂಬ ಸಮಕಾಲೀನ ಕಲಾ ಕೇಂದ್ರ ಮಾಡುತ್ತಿರುವುದು ನನಗೆ ನಂತರ ತಿಳಿಯಿತು. ಅಂಗಳದಲ್ಲಿ ನಿಲ್ಲಿಸಲು ಗುಜರಿಯಿಂದಲೇ ಒಂದು ಎಮ್ಮೆ ಮಾಡುತ್ತಿದ್ದರು. ಬೆಸುಗೆ ಹಾಕುತ್ತಿದ್ದವರು ಭದ್ರಾವತಿಯ ಕಾರ್ಖಾನೆಯಲ್ಲಿ 33 ವರ್ಷ ವೆಲ್ಡರ್ ಆಗಿದ್ದು ನಿವೃತ್ತರಾದ ಕೊಟ್ರಬಸಪ್ಪನವರು. ನೋಡಿ ಮಾಡಲು ಇಟ್ಟುಕೊಂಡಿದ್ದು ಮಲವಗೊಪ್ಪದ ಕಾಳಮ್ಮನವರ ಚೆಲುವಿ ಎಂಬ ಎಮ್ಮೆ. ಕಾಳಮ್ಮನವರು ಆ ಕಡೆ ಎಮ್ಮೆ ಮೇಯಿಸಿ, ಅಲ್ಲಿನ ಟೀ ಅಂಗಡಿಗಳಿಗೆ ಹಾಲು ಹಾಕುತ್ತಾರೆ.

ಏಳು ತಿಂಗಳಲ್ಲಿ ಪೂಜಿತಾರವರು ನನ್ನ ಅಂಗಡಿಗೆ 19 ಸಲ ಬಂದಿರುತ್ತಾರೆ. ಆರನೇ ಸಲದಿಂದ ಅವರು ಬರುವ ಮೊದಲೇ ನಾನು ತುಂಡುಗಳನ್ನು ತೆಗೆದಿಡಲು ಶುರು ಮಾಡಿದೆ. ಕೊಂಬಿಗೆ ಲಾರಿಯ ಸ್ಪ್ರಿಂಗ್ ಪಟ್ಟಿ ಆಗುತ್ತದೆ ಎಂದು ಹೇಳಿದವನು ನಾನು. ಬಾಲಕ್ಕೆ ಸೈಕಲ್ ಚೈನು, ಕಿವಿಗೆ ಸವೆದ ಸಲಿಕೆ ಸಹ ನಾನು ತೋರಿಸಿದ್ದು. ಬಲ ಭುಜಕ್ಕೆ ಏನಿಟ್ಟರೂ ಸರಿಬರುತ್ತಿಲ್ಲ ಎಂದು ಅವರು ಒಂದು ದಿನ ಬೇಸರ ಮಾಡಿಕೊಂಡಾಗ, ನಾನು ಒಳಗೆ ಹೋಗಿ ನನ್ನ ತಂದೆಯ ಹಳೇ ತಕ್ಕಡಿಯ ಕಬ್ಬಿಣದ ತಟ್ಟೆ ತಂದುಕೊಟ್ಟೆ. ಅದರ ಅಂಚಿನಲ್ಲಿ ನನ್ನ ತಂದೆ ಉಳಿಯಿಂದ ಹೊಡೆದ 'ಅ.ಖು.' ಎಂಬ ಅಕ್ಷರಗಳಿವೆ. ಮಾರುವ ವಸ್ತು ಅದಾಗಿರಲಿಲ್ಲ. ಯಾಕೆ ಕೊಟ್ಟೆನೆಂದು ಕೇಳಿದರೆ, ಭುಜ ಆಗುತ್ತದೆ ಎಂದು ನನಗೆ ಕಂಡಿತು, ಅಷ್ಟೇ.

ದಿನಾಂಕ 21-01-2024ರ ಭಾನುವಾರ ಕೇಂದ್ರ ಶುರುವಾಯಿತು. ನಾನು ಹೆಂಡತಿಯೊಂದಿಗೆ ಹೋಗಿ, ಇಂಥ ಕಡೆ ಹೋಗಿ ಅಭ್ಯಾಸವಿಲ್ಲದ್ದರಿಂದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದೆ. ಪೂಜಿತಾರವರು ನೋಡಿ, "ಚಪ್ಪಲಿ ಹಾಕ್ಕೊಂಡೇ ಬನ್ನಿ ಭಾಯ್, ಇದು ನಿಮ್ಮ ಅಂಗಡಿ ಥರಾನೇ" ಎಂದರು. ಎಮ್ಮೆಯ ಪಕ್ಕದ ಬೋರ್ಡಿನಲ್ಲಿ, ಮಾಡಿದವರು: ಪೂಜಿತಾ, ಕೊಟ್ರಬಸಪ್ಪ, ನಸರುಲ್ಲಾ ಎಂದು ಬರೆದಿತ್ತು. ರೇಷನ್ ಕಾರ್ಡು, ಕರೆಂಟ್ ಬಿಲ್ಲು ಬಿಟ್ಟರೆ ನನ್ನ ಹೆಸರು ಅಚ್ಚಾಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಜಹಾನಾರಾ ಬೋರ್ಡಿನ ಫೋಟೋ ತೆಗೆದುಕೊಂಡಳು.

ಅಂದಿನಿಂದ ಎರಡು ವಾರಕ್ಕೊಮ್ಮೆಯಾದರೂ ಅಲ್ಲಿಗೆ ಹೋಗುತ್ತಿದ್ದೆ. ಒಳಗೆ ನೇತುಹಾಕಿದ ಕೆಲವು ಚಿತ್ರಗಳು ನನಗೆ ಅರ್ಥವಾಗುವುದಿಲ್ಲ. ಕೊಟ್ರಬಸಪ್ಪನವರಿಗೂ ಆಗುವುದಿಲ್ಲ. ಆದರೆ ಒಂದು ಭಾನುವಾರ ಪೂಜಿತಾರವರು ಕೇಳಿಕೊಂಡಿದ್ದರಿಂದ, ಎರಕದ ಬೀಡು ಯಾವುದು ಉಕ್ಕು ಯಾವುದು ಎಂದು ಸುತ್ತಿಗೆಯಲ್ಲಿ ತಟ್ಟಿ ಸದ್ದಿನಿಂದ ಗುರುತಿಸುವುದನ್ನು ನಾನು 22 ಜನರಿಗೆ ತೋರಿಸಿಕೊಟ್ಟಿರುತ್ತೇನೆ. ಅವರಲ್ಲಿ ಇಬ್ಬರು ಇಂಜಿನಿಯರುಗಳು. ಅಂಗಳಕ್ಕೆ ಗೇಟು ಇಲ್ಲ. ಸುತ್ತಲಿನ ಮಕ್ಕಳು ಬಂದು ಎಮ್ಮೆಯ ಮೇಲೆ ಹತ್ತುತ್ತಾರೆ. ಮೈಯೆಲ್ಲ ತುಕ್ಕು ಹಿಡಿದರೂ ಬೆನ್ನು ಮಾತ್ರ ಮಕ್ಕಳ ಚಡ್ಡಿಯಿಂದ ಉಜ್ಜಿ ಉಜ್ಜಿ ಬೆಳ್ಳಗೆ ಹೊಳೆಯುತ್ತದೆ. ಕಾಳಮ್ಮನವರ ಚೆಲುವಿ ಸಹ ಬಂದು ಕಬ್ಬಿಣದ ಎಮ್ಮೆಗೆ ಮೈ ತಿಕ್ಕಿಕೊಂಡು ಹೋಗುತ್ತದೆ.

ಹೀಗಿರುವಾಗ ದಿನಾಂಕ 10-02-2025ರ ಸೋಮವಾರ ಬೆಳಿಗ್ಗೆ 8-50 ಗಂಟೆಗೆ ನಾನು ಅಂಗಡಿ ತೆರೆದು ಕಸ ಗುಡಿಸುತ್ತಿದ್ದಾಗ, ಟಾರ್ಪಾಲು ಮುಚ್ಚಿದ ಗೂಡ್ಸ್ ಆಟೋ ಬಂದು ನಿಂತಿತು. ಇಬ್ಬರು ಗಂಡಸರಿದ್ದರು. ಒಬ್ಬನಿಗೆ ಸುಮಾರು 45 ವರ್ಷ, ಮೀಸೆ ಇತ್ತು. ಇನ್ನೊಬ್ಬನಿಗೆ ಸುಮಾರು 28 ವರ್ಷ, ನೀಲಿ ಅಂಗಿ. ಇಬ್ಬರನ್ನೂ ಮೊದಲು ನೋಡಿದವನಲ್ಲ. ಹಳೇ ಪಂಪ್‌ಹೌಸ್ ಒಡೆದ ಕಬ್ಬಿಣ, ತೂಕ ಹಾಕಿ ಎಂದು ಮೀಸೆಯವನು ಹೇಳಿದ. ನಾನು ಟಾರ್ಪಾಲಿನ ತುದಿ ಎತ್ತಿದೆ. ಮೊದಲು ಕಂಡಿದ್ದು ಸೈಕಲ್ ಚೈನು. ಅದರ ಪಕ್ಕ ಹೊಳೆಯುವ ಬೆನ್ನು. ಅದರ ಕೆಳಗೆ ತಟ್ಟೆ, ತಟ್ಟೆಯ ಅಂಚಿನಲ್ಲಿ 'ಅ.ಖು.'.

ಕೂಗಿದರೆ ಓಡಿಸಿಕೊಂಡು ಹೋಗುತ್ತಾರೆ ಎಂದು ತಿಳಿದು, ಟಾರ್ಪಾಲು ಕೆಳಗೆ ಬಿಟ್ಟು, ಕರೆಂಟ್ ಇಲ್ಲ, ತೂಕದ ಮಿಷನ್ ಓಡುವುದಿಲ್ಲ, ಹತ್ತು ನಿಮಿಷ ಕೂತುಕೊಳ್ಳಿ ಎಂದೆ. ಕರೆಂಟ್ ಇತ್ತು. ಒಳಗೆ ಹೋಗಿ ಮೇನ್ ಸ್ವಿಚ್ ಆಫ್ ಮಾಡಿದವನು ನಾನೇ. ಇದು ಸುಳ್ಳು ಎಂದು ನನಗೆ ಗೊತ್ತಿದ್ದು, ಯಾರ ಒತ್ತಾಯವೂ ಇಲ್ಲದೆ ಬರೆಸಿರುತ್ತೇನೆ.

8-57ಕ್ಕೆ ಅಂಗಡಿಯ ಹಿಂದಿನಿಂದ ಪೂಜಿತಾರವರಿಗೆ ಫೋನ್ ಮಾಡಿದೆ. ಸೋಮವಾರ ಕೇಂದ್ರಕ್ಕೆ ರಜೆಯಾದ್ದರಿಂದ ಅವರು ನವುಲೆಯ ಮನೆಯಲ್ಲಿದ್ದರು, ವಿಷಯ ಗೊತ್ತಿರಲಿಲ್ಲ. ನಾನು, "ಮೇಡಂ, ನಮ್ಮೆಮ್ಮೆ ನನ್ನಂಗ್ಡೀಲಿದೆ, ಪೂರ್ತಿ ಕಡಿದು ತಂದವ್ರೆ" ಎಂದಿರುತ್ತೇನೆ. ಅವರು, 112ಕ್ಕೆ ನಾನು ಹೇಳುತ್ತೇನೆ, ನೀವು ಜಗಳಕ್ಕೆ ಹೋಗಬೇಡಿ ಎಂದು ಹೇಳಿ ಫೋನ್ ಇಟ್ಟರು.

ಅವರಿಬ್ಬರನ್ನು ತಡೆಯಲು ನಾನು ಟೀ ತರಿಸಿಕೊಟ್ಟೆ. ಬೀಡು ಬೇರೆ ಉಕ್ಕು ಬೇರೆ ಮಾಡಬೇಕು ಎಂದು ಹೇಳಿ ಒಂದೊಂದೇ ತುಂಡನ್ನು ಇಳಿಸಿ, ತಟ್ಟಿ, ಕಿವಿಕೊಟ್ಟು ಕೇಳಿ, ನೆಲದ ಮೇಲೆ ಇಟ್ಟೆ. ನೀಲಿ ಅಂಗಿಯವನು, "ಏನ್ ಭಾಯ್, ಗುಜರಿಗೆ ಡಾಕ್ಟ್ರು ಥರ ನೋಡ್ತೀರಲ್ಲ" ಎಂದು ನಕ್ಕ. ಒಟ್ಟು 17 ತುಂಡುಗಳಿದ್ದವು. ತಲೆ ಇರಲಿಲ್ಲ.

9-20ಕ್ಕೆ ಮೀಸೆಯವನಿಗೆ ಅನುಮಾನ ಬಂದು, ಬೇರೆ ಕಡೆ ಹಾಕುತ್ತೇವೆ, ವಾಪಸ್ ತುಂಬಿ ಎಂದು ಹೇಳಿ ತಟ್ಟೆಯಿದ್ದ ಭುಜದ ತುಂಡಿಗೆ ಕೈ ಹಾಕಿದ. ನಾನು ಅದನ್ನು ಎದೆಗೆ ಅವಚಿಕೊಂಡೆ. ಜಗಳಕ್ಕೆ ಹೋಗಬಾರದೆಂದು ಹೇಳಿದ್ದು ನೆನಪಿತ್ತು, ಆದರೂ ಬಾಯಿಂದ "ಇದು ನಮ್ಮಪ್ಪಂದು ಕಣಯ್ಯ!" ಎಂದು ಬಂದುಬಿಟ್ಟಿತು. ಅವನು ನನ್ನನ್ನು ತಳ್ಳಿದ. ನಾನು ಬಿದ್ದು ಎಡ ಮೊಣಕೈ ತರಚಿರುತ್ತದೆ. ತುಂಡನ್ನು ಬಿಡಲಿಲ್ಲ. ಅವನು ಆಟೋ ಬಿಟ್ಟು ಸೇತುವೆ ಕಡೆ ಓಡಿದ. ನೀಲಿ ಅಂಗಿಯವನು ಮಾತ್ರ ಓಡದೆ ಅಲ್ಲೇ ಕುಕ್ಕರುಗಾಲಲ್ಲಿ ಕೂತು, "ದೇವ್ರ ವಿಗ್ರಹಾನಾ ಇದು? ನಂಗೆ ಗೊತ್ತಿಲ್ಲ ಭಾಯ್, ಆಣೆ" ಎಂದು ಹೆದರಿಕೊಂಡು ಕೇಳಿದ. ದೇವರಲ್ಲ, ಎಮ್ಮೆ ಎಂದು ಹೇಳಿದೆ. 9-26ಕ್ಕೆ ಪೊಲೀಸಿನವರು ಬಂದರು. ಓಡಿದವನನ್ನು ಅವರೇ ಸೇತುವೆಯ ಹತ್ತಿರ ಹಿಡಿದರು ಎಂದು ನಂತರ ತಿಳಿಯಿತು.

9-34ಕ್ಕೆ ಪೂಜಿತಾರವರು ಮಾಚೇನಹಳ್ಳಿಯಿಂದ ಫೋನ್ ಮಾಡಿ, "ನಾಲ್ಕು ಕಾಲು ಮಾತ್ರ ನಿಂತಿವೆ ಭಾಯ್" ಎಂದರು. ಕಾಲುಗಳ ಕೆಳಭಾಗವನ್ನು ಕಾಂಕ್ರೀಟಿನಲ್ಲಿ ಕೂರಿಸಿದ್ದರಿಂದ ಕಳ್ಳರು ಮೊಣಕಾಲಿನ ಮೇಲೆ ಗ್ಯಾಸ್ ಕಟ್ಟರಿನಿಂದ ಕತ್ತರಿಸಿರುತ್ತಾರೆ.

ತಲೆಯ ಬಗ್ಗೆ ನೀಲಿ ಅಂಗಿಯವನನ್ನು ಪೊಲೀಸಿನವರು ಕೇಳಿದಾಗ, ಕೊಂಬು ಟಾರ್ಪಾಲಿನ ಒಳಗೆ ಹಿಡಿಸದ ಕಾರಣ ನಾಲೆಯ ಪಕ್ಕದ ಪೊದೆಯಲ್ಲಿ ಎಸೆದಿದ್ದಾಗಿ ಹೇಳಿದ. ಪೊಲೀಸಿನವರೊಂದಿಗೆ ನಾನೂ ಜೀಪಿನಲ್ಲಿ ಹೋದೆ. ಕೇಂದ್ರದಿಂದ ಸುಮಾರು 600 ಮೀಟರ್ ದೂರ. ಅಲ್ಲಿ ಕಾಳಮ್ಮನವರು ಕೂತಿದ್ದರು. ಬೆಳಿಗ್ಗೆ ಏಳೂವರೆಗೆ ಎಮ್ಮೆ ಹೊಡೆದುಕೊಂಡು ಬಂದಾಗ ತಲೆ ಕಂಡಿತೆಂದೂ, ಅವರ ಹತ್ತಿರ ಫೋನ್ ಇಲ್ಲವೆಂದೂ, ಬಿಟ್ಟು ಹೋದರೆ ಯಾರಾದರೂ ಎತ್ತಿಕೊಂಡು ಹೋಗುತ್ತಾರೆಂದು ಎದ್ದೇ ಇಲ್ಲವೆಂದೂ ತಿಳಿಸಿದರು. ಟೀ ಅಂಗಡಿಗಳಿಗೆ ಹಾಲು ಹಾಕಿರಲಿಲ್ಲ. ತಲೆಯ ಮೇಲೆ ತಮ್ಮ ಟವೆಲ್ಲು ಹೊದಿಸಿದ್ದರು. ಪೇದೆಯೊಬ್ಬರು ಎತ್ತಲು ಹೋದಾಗ, "ಮುಟ್ಬೇಡ್ರಿ ಸ್ವಾಮಿ, ಪೂಜಿತಮ್ಮ ಬರ್ಲಿ" ಎಂದು ಅಡ್ಡ ನಿಂತರು. ನನ್ನನ್ನು ಕಂಡು, "ಸಾಬ್ರೇ, ಕಿವಿ ಬಗ್ಗಿಹೋಗಿದೆ ನೋಡಿ" ಎಂದು ಹೇಳಿ ಅತ್ತರು. ಪೂಜಿತಾರವರು ಬಂದ ಮೇಲೆ ತಲೆಯನ್ನು ಜೀಪಿಗೆ ಏರಿಸಲು ಬಿಟ್ಟರು.

11-45ಕ್ಕೆ ತುಂಡುಗಳ ಸಮೇತ ಎಲ್ಲರೂ ಠಾಣೆಗೆ ಬಂದೆವು. ಅಷ್ಟರಲ್ಲಿ ಬಜಾರಿನಲ್ಲಿ, ನಸರುಲ್ಲಾನ ಅಂಗಡಿಯಲ್ಲಿ ಕಳ್ಳಮಾಲು ಸಿಕ್ಕಿದೆ, ಜೀಪಿನಲ್ಲಿ ಕರೆದುಕೊಂಡು ಹೋದರು ಎಂದು ಮಾತಾಗಿತ್ತು. ಜಹಾನಾರಾ ಆಟೋ ಹಿಡಿದು ಠಾಣೆಗೆ ಬಂದಳು. ಈ ಮಾಲಿಗೂ ನಿಮಗೂ ಏನು ಸಂಬಂಧ ಎಂದು ಸಾಹೇಬರು ಆಗ ತಾನೇ ನನ್ನನ್ನು ಕೇಳಿದ್ದರು. ಅವಳು ತನ್ನ ಫೋನಿನಲ್ಲಿದ್ದ ಬೋರ್ಡಿನ ಫೋಟೋ ತೆಗೆದು ಮೇಜಿನ ಮೇಲಿಟ್ಟು, "ನಮ್ಮನೆಯವ್ರ ಹೆಸ್ರು ಓದಿ ಸಾರ್. ಕದ್ದೋರ ಹೆಸ್ರು ಬೋರ್ಡ್ ಮೇಲೆ ಹಾಕ್ತಾರಾ?" ಎಂದು ಕೇಳಿದಳು. ಸಾಹೇಬರು ಓದಿ, ನನಗೆ ಕುರ್ಚಿ ಹಾಕಿಸಿದರು.

ಗೇಟು ಯಾಕೆ ಇಟ್ಟಿಲ್ಲ ಎಂದು ಪೂಜಿತಾರವರನ್ನು ಕೇಳಲಾಯಿತು. ಗೇಟಿದ್ದರೆ ಕಾಳಮ್ಮನವರ ಎಮ್ಮೆಗಳು ಬರಲಾಗುವುದಿಲ್ಲ ಎಂದು ಅವರು ಉತ್ತರ ಕೊಟ್ಟಿರುತ್ತಾರೆ.

ಮಧ್ಯಾಹ್ನ ಕೊಟ್ರಬಸಪ್ಪನವರೂ ಬಂದರು. ಅವರಿಗೆ 71 ವರ್ಷ, ಈಚೆಗೆ ಕಣ್ಣು ಮಂದ. ಕತ್ತರಿಸಿದ ಅಂಚುಗಳ ಮೇಲೆ ಬೆರಳಾಡಿಸಿ, ಯಾರು ಕತ್ತರಿಸಿದ್ದು ಎಂದು ಕೇಳಿದರು. ನೀಲಿ ಅಂಗಿಯವನು ತಲೆ ತಗ್ಗಿಸಿದ. "ಕೈ ಚೆನ್ನಾಗಿದೆ ಮಾರಾಯ, ಇದ್ಯಾಕೆ ಬೇಕಿತ್ತು ನಿಂಗೆ" ಎಂದರು. ಕೋರ್ಟಿನದು ಮುಗಿದ ಮೇಲೆ ಅವನೇ ಬಂದು ಕೂಡಿಸಲಿ, ನಾನು ಪಕ್ಕದಲ್ಲಿ ಕೂತು ಹೇಳಿಕೊಡುತ್ತೇನೆ ಎಂದೂ ಹೇಳಿದರು. ಮೊದಲು ಕೋರ್ಟಿನದು ಮುಗಿಯಲಿ ಎಂದು ಪೂಜಿತಾರವರು ಹೇಳಿದರು.

ಮಹಜರಿನಲ್ಲಿ 'ಹಳೇ ಗುಜರಿ ಕಬ್ಬಿಣದ ತುಂಡು 17, ತಲೆಯಾಕಾರದ ತುಂಡು 1' ಎಂದು ಬರೆದಿದ್ದನ್ನು ನನಗೆ ಓದಿ ಹೇಳಿದರು. ನಾನು ಸಹಿ ಹಾಕಲು ಒಪ್ಪಲಿಲ್ಲ. 'ಎಮ್ಮೆ 1' ಎಂದು ಬರೆಯಬೇಕೆಂದು ಕೇಳಿಕೊಂಡೆ. ಕಾರಣ ಕೇಳಿದಾಗ, 24 ವರ್ಷಗಳಿಂದ ಯಾವುದು ಗುಜರಿ ಎಂದು ಹೇಳುವುದೇ ನನ್ನ ಕೆಲಸ, ಇದು ಗುಜರಿಯಲ್ಲ ಎಂದು ಹೇಳಿದೆ. ತುಂಡು ಎಂದು ಬರೆದರೆ ಒಂದು ಕಡಿಮೆಯಾದರೂ ಯಾರೂ ಹುಡುಕುವುದಿಲ್ಲ, ಎಮ್ಮೆ ಎಂದು ಬರೆದರೆ ಒಂದು ಕಿವಿ ಇಲ್ಲದಿದ್ದರೂ ಕೇಳುತ್ತಾರೆ ಎಂದೂ ಹೇಳಿದೆ. ಸಾಹೇಬರು 'ಕಬ್ಬಿಣದ ಎಮ್ಮೆ 1, 18 ತುಂಡುಗಳಲ್ಲಿ' ಎಂದು ತಿದ್ದಿಸಿದರು. ಆಗ ಸಹಿ ಹಾಕಿರುತ್ತೇನೆ.

ಈ ದಿನ ಬೆಳಿಗ್ಗೆ ಅಂಗಡಿ ತೆರೆದರೂ ಮನಸ್ಸು ನಿಲ್ಲದ ಕಾರಣ, ಮಧ್ಯಾಹ್ನ 1-10ಕ್ಕೆ ಮಾಚೇನಹಳ್ಳಿಗೆ ಹೋದೆ. ಅಂಗಳದಲ್ಲಿ ನಾಲ್ಕು ಕಾಲು ನಿಂತಿದ್ದವು. ಪಕ್ಕದ ಗಾರ್ಮೆಂಟ್ಸಿನ ಸುಮಾರು 15 ಜನ ಹೆಣ್ಣುಮಕ್ಕಳು ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದರು. ಅಂಗಳದ ಮರದ ನೆರಳು ಆ ಹೊತ್ತಿಗೆ ಕಾಲುಗಳ ನಡುವೆಯೇ ಇತ್ತು. ಅಲ್ಲಿ ಯಾರೂ ಕೂತಿರಲಿಲ್ಲ. ಎಲ್ಲರೂ ಅರ್ಧ ಬಿಸಿಲಿನಲ್ಲಿ, ಸುತ್ತ, ಎಮ್ಮೆಯಷ್ಟು ಜಾಗ ಬಿಟ್ಟು ಕೂತಿದ್ದರು. ಒಬ್ಬ ಹೆಣ್ಣುಮಗಳು, ಹೆಸರು ತಿಳಿಯದು, ಸರಿದು ಕೂತು ಒಂದು ರೊಟ್ಟಿ ಕೊಟ್ಟಳು. ನಾನೂ ಆ ಜಾಗ ಬಿಟ್ಟು ಕೂತು ತಿಂದು, ಅಲ್ಲಿಂದ ನೇರ ಠಾಣೆಗೆ ಬಂದಿರುತ್ತೇನೆ.

ಇಷ್ಟೂ ನಾನು ಕಂಡಿದ್ದು, ಮಾಡಿದ್ದು, ನನ್ನ ಕಿವಿಯಾರೆ ಕೇಳಿದ್ದು. ಬರೆದುಕೊಂಡಿದ್ದನ್ನು ಓದಿ ಹೇಳಿಸಿ ಕೇಳಿದ್ದೇನೆ, ನಾನು ಹೇಳಿದಂತೆಯೇ ಇರುತ್ತದೆ, ಸುಳ್ಳಿಲ್ಲ.

ಸ್ಥಳ: ಭದ್ರಾವತಿ
ದಿನಾಂಕ: 11-02-2025
ಸಹಿ: ನಸರುಲ್ಲಾ